ಶಂಖಪುಷ್ಪ, ಶಂಖಪುಷ್ಪಿ, ವಿಷ್ಣುಕ್ರಾಂತಿ: ಮೂರೂ ಬೇರೆ ಗಿಡಗಳು

ಶಂಖಪುಷ್ಪದ ನೀಲಿ ಟೀ ಕುಡಿದರೆ ನೆನಪಿನ ಶಕ್ತಿ ಜಾಸ್ತಿಯಾಗುತ್ತದೆ, ಚರಕಸಂಹಿತೆಯಲ್ಲೇ ಇದೆ ಅನ್ನುವ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಬುದ್ಧಿಗೆ ಒಳ್ಳೆಯದೆಂದು ಚರಕ ಹೇಳುವ ನಾಲ್ಕು ಗಿಡಗಳಲ್ಲಿ ಶಂಖಪುಷ್ಪಿ ಇರುವುದು ನಿಜ. ಅದು ನಮ್ಮ ಬೇಲಿ ಮೇಲಿನ ನೀಲಿ ಹೂವೇ ಅಂತ ಸುಮ್ನೆ ಹೇಗೆ ಹೇಳುವುದು?

ನಾವು ಶಂಖಪುಷ್ಪ, ಗಿರಿಕರ್ಣಿಕೆ ಅನ್ನುವ ಬಳ್ಳಿ ಅವರೆ, ಅಲಸಂದೆಯ ಕುಟುಂಬದ್ದು. ಕಾಯಿ ನೋಡಿದರೇ ಗೊತ್ತಾಗುತ್ತದೆ. ಆಯುರ್ವೇದದ ಸರ್ಕಾರಿ ಔಷಧಕೋಶ ಶಂಖಪುಷ್ಪಿ ಎನ್ನುವುದು ಕನ್ವಾಲ್ವುಲಸ್ ಕುಲದ ಒಂದು ಗಿಡವನ್ನು. ಒಣನೆಲದಲ್ಲಿ ಹರಡುವ ಸಣ್ಣ ಗಿಡ, ಹೂವು ಬಿಳಿ ಅಥವಾ ತಿಳಿಗುಲಾಬಿ. ಇದು ಗೆಣಸು, ಮಾರ್ನಿಂಗ್ ಗ್ಲೋರಿಗಳ ಕುಟುಂಬ. ಆದರೆ ಕೇರಳದ ವೈದ್ಯರು ಶಂಖಪುಷ್ಪಿ ಅಂತ ನೀಲಿ ಬಳ್ಳಿಯನ್ನೇ ಬಳಸುತ್ತಾ ಬಂದಿದ್ದಾರೆ. ಹಾಗಾಗಿ ಗೊಂದಲಕ್ಕೆ ಕಾರಣವೇ ಇಲ್ಲ ಅನ್ನಲಾರೆ. ಟೀ ಮಾರುವವರು ಇದನ್ನೆಲ್ಲ ಯೋಚಿಸಿ ಬರೆಯುತ್ತಿಲ್ಲ, ಅಷ್ಟೇ.

ಮೂರನೆಯದು ವಿಷ್ಣುಕ್ರಾಂತಿ. ಅಂಗಡಿಗಳಲ್ಲಿ ಇದೂ ಶಂಖಪುಷ್ಪಿಯ ಹೆಸರಲ್ಲಿ ಮಾರಾಟವಾಗುತ್ತದೆ. ಇದೂ ಗೆಣಸಿನ ಕುಟುಂಬದ್ದೇ, ಆದರೆ ಕುಲ ಬೇರೆ: ಎವಾಲ್ವುಲಸ್. ಈ ಎರಡು ಹೆಸರುಗಳನ್ನು ಒಟ್ಟಿಗೆ ನೋಡಬೇಕು. ಲ್ಯಾಟಿನ್‌ನಲ್ಲಿ ಕನ್ವಾಲ್ವೆರೆ ಎಂದರೆ ಸುತ್ತಿಕೊಳ್ಳು, ಎವಾಲ್ವೆರೆ ಎಂದರೆ ಸುರುಳಿ ಬಿಚ್ಚು. ಆಸರೆ ಸುತ್ತಿ ಮೇಲೇರುವ ಬಳ್ಳಿಗಳಿಗೆ ಮೊದಲನೆಯದು, ಸುತ್ತುವ ಗುಣವೇ ಇಲ್ಲದ ಗಿಡಗಳಿಗೆ ಎರಡನೆಯದು. ಎಷ್ಟು ಚೊಕ್ಕ ಅಲ್ವಾ? ಆದರೆ ಶಂಖಪುಷ್ಪಿಯೂ ಏನನ್ನೂ ಸುತ್ತುವುದಿಲ್ಲ. ಕುಲದ ಹೆಸರು ಅದಕ್ಕೆ ಹಬ್ಬುವ ನೆಂಟರಿಂದ ಬಂದದ್ದು. ಇನ್ನು ಕ್ರಾಂತ ಎಂದರೆ ಹೆಜ್ಜೆ ಇಟ್ಟದ್ದು, ದಾಟಿದ್ದು. ವಿಷ್ಣುವಿನ ಮೂರು ಹೆಜ್ಜೆಗಳ ನೆನಪು ಅದರಲ್ಲಿದೆ. 'ಕ್ರಾಂತಿ' ಅಂದಕೂಡಲೇ ಬಂಡಾಯದ ಅರ್ಥ ಹೇಳುವವರು ದಯವಿಟ್ಟು ನಿಲ್ಲಿಸಬೇಕು.

ಬಣ್ಣ ನೋಡಿ ತೀರ್ಮಾನಿಸಬೇಡಿ. ವಿಷ್ಣುಕ್ರಾಂತಿಯಲ್ಲಿ ಬಿಳಿ ಹೂವಿನದೂ ಇದೆ. ಭೂತಗನ್ನಡಿ ಹಿಡಿದು ಹೂವಿನ ನಡುವೆ ನೋಡಿ. ಕನ್ವಾಲ್ವುಲಸ್‌ನಲ್ಲಿ ಹೂವಿನ ಹೆಣ್ಣುಭಾಗದಿಂದ (ಕೇಸರಗಳಲ್ಲ) ಒಂದೇ ಎಳೆ ಎದ್ದು ತುದಿಯಲ್ಲಿ ಎರಡಾಗುತ್ತದೆ. ವಿಷ್ಣುಕ್ರಾಂತಿಯಲ್ಲಿ ಬುಡದಿಂದಲೇ ಎರಡು ಎಳೆ, ಒಂದೊಂದೂ ಮತ್ತೆ ಕವಲೊಡೆದು ನಾಲ್ಕು ತುದಿ.

ನರ್ಸರಿಗಳಲ್ಲಿ ವಿಷ್ಣುಕ್ರಾಂತಿ ಅಂತ ಕೊಡುವ, ಕುಂಡ ತುಂಬ ದೊಡ್ಡ ನೀಲಿ ಹೂ ಬಿಡುವ ಗಿಡ ಸಾಮಾನ್ಯವಾಗಿ ದಕ್ಷಿಣ ಅಮೆರಿಕದಿಂದ ಬಂದ ಎವಾಲ್ವುಲಸ್ ಗ್ಲೋಮರೇಟಸ್. ಅಂದಕ್ಕೆ ಬೆಳೆಸಿ, ಕಷಾಯಕ್ಕೆ ಕೀಳಬೇಡಿ.