ಮನೆಗೆ ಮೂಲೆ ಬಂದ ಕಾಲ

ಕಾಳಿನ ಚೀಲ ಒಟ್ಟುವುದಕ್ಕೂ ಮುನಿಸಿಕೊಂಡು ಕೂರುವುದಕ್ಕೂ ನಮ್ಮ ಮನೆಗಳಲ್ಲಿ ಒಂದು ಮೂಲೆ ಇದ್ದೇ ಇರುತ್ತದೆ. ಆದರೆ ಮನುಷ್ಯ ಸೂರು ಕಟ್ಟಿಕೊಳ್ಳಲು ಕಲಿತ ಮೇಲೂ ಸಾವಿರಾರು ವರ್ಷ ಅವನ ಮನೆಗೆ ಮೂಲೆ ಎಂಬುದೇ ಇರಲಿಲ್ಲ. 1989ರಲ್ಲಿ ಇಸ್ರೇಲಿನ ಗಲಿಲೀ ಸರೋವರದ ನೀರು ಇಳಿದಾಗ ಒಹಾಲೊ ಎಂಬಲ್ಲಿ ಕಂಡ, ಸುಮಾರು 23,000 ವರ್ಷ ಹಿಂದಿನ ಸುಟ್ಟ ಗುಡಿಸಲುಗಳು ಮೊಟ್ಟೆಯಾಕಾರದವು. ಉಕ್ರೇನಿನ ಮೆಝಿರಿಚ್‌ನಲ್ಲಿ ಮ್ಯಾಮತ್ ಆನೆಗಳ ದವಡೆ, ದಂತಗಳನ್ನು ಪೇರಿಸಿ ಕಟ್ಟಿದ ಮನೆಗಳೂ ದುಂಡಗಿನವೇ.

ಇದರ ಹಿಂದೆ ಸರಳವಾದ ಲೆಕ್ಕವಿದೆ. 20 ಚದರ ಮೀಟರ್ ನೆಲವನ್ನು ಸುತ್ತುವರಿಯಲು ದುಂಡು ಗೋಡೆ ಸುಮಾರು 16 ಮೀಟರ್ ಸಾಕು, ಚೌಕಕ್ಕಾದರೆ ಹತ್ತಿರಹತ್ತಿರ 18 ಮೀಟರ್ ಬೇಕು. ಗಳಗಳನ್ನು ನಡುವಿಗೆ ಬಾಗಿಸಿ ಕಟ್ಟಿದರೆ ಮಾಡಿಗೆ ತೊಲೆ, ಜಂತಿಗಳ ಹಂಗಿಲ್ಲ. ಬಳಸಿ ಬಂದ ಗೋಡೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಚೌಕದಲ್ಲಿ ಎರಡು ಗೋಡೆಗಳು ಕೂಡುವ ಜಾಗವನ್ನು ಒಂದರೊಳಗೊಂದು ಹೆಣೆಯದೆ ಬಿಟ್ಟರೆ ಅದು ಬೇಗನೆ ಬಾಯಿಬಿಡುತ್ತದೆ. ಹಾಗಿದ್ದ ಮೇಲೆ ಹೆಚ್ಚು ಗೋಡೆ, ಹೆಚ್ಚು ಕೆಲಸ ಬೇಡುವ ಈ ಆಕಾರಕ್ಕೆ ಜನ ಒಲಿದದ್ದೇಕೆ ಎಂಬುದು ಕೇಳತಕ್ಕ ಪ್ರಶ್ನೆ.

ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯಲ್ಲಿದ್ದ ಜೆರ್ಫ್ ಎಲ್ ಅಹ್ಮರ್ ಎಂಬ ಹಳ್ಳಿಯಲ್ಲಿ ಈ ಬದಲಾವಣೆ ಪದರ ಪದರವಾಗಿ ಕಾಣಸಿಗುತ್ತದೆ. ಕ್ರಿ.ಪೂ. 9000ದ ಆಸುಪಾಸಿನ ಈ ನೆಲೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುನ್ನ, 1990ರ ದಶಕದಲ್ಲಿ, ಅವಸರದಿಂದ ಅಗೆದು ನೋಡಿದ ಊರು. ಮೊದಲಿಗೆ ದುಂಡು ಮನೆಗಳು. ಆಮೇಲೆ ದುಂಡಿನೊಳಗೇ ನೇರವಾದ ಅಡ್ಡಗೋಡೆಗಳು. ಅನಂತರ ಅಂಚು ಉರುಟಾದ ಆಯತಗಳು. ಕೊನೆಗೆ ಸ್ಪಷ್ಟವಾದ ಮೂಲೆಗಳು. ಒಂದು ಕೋಣೆಯಲ್ಲಿ ಧಾನ್ಯ ಅರೆಯುವ ಮೂರು ಕಲ್ಲುಗಳನ್ನು ಸಾಲಾಗಿ ನೆಲಕ್ಕೆ ಹೂಡಿದ್ದರು. ಹೀಗೆ ಕಲ್ಲುಗಳನ್ನು ಸಾಲಿಗೆ ಹೂಡಲು ನೆಟ್ಟನೆಯ ಗೋಡೆಗಿಂತ ಅನುಕೂಲವಾದದ್ದು ಇನ್ನೊಂದಿಲ್ಲ.

ಆಯತದ ನಿಜವಾದ ಲಾಭವೆಂದರೆ ಮನೆ ಬೆಳೆಯಬಲ್ಲದು. ಎರಡು ದುಂಡು ಮನೆಗಳನ್ನು ಒತ್ತಾಗಿ ಕಟ್ಟಿದರೆ ನಡುವೆ ಕೆಲಸಕ್ಕೆ ಬಾರದ ಸಂದಿ ಉಳಿಯುತ್ತದೆ. ಆಯತಕ್ಕಾದರೆ ಇದ್ದ ಗೋಡೆಗೇ ಮೂರು ಗೋಡೆ ಸೇರಿಸಿ ಕೋಣೆಯೊಂದನ್ನು ಹೆಚ್ಚಿಸಿಕೊಳ್ಳಬಹುದು. ಅಮೆರಿಕದ ಪುರಾತತ್ತ್ವಜ್ಞ ಕೆಂಟ್ ಫ್ಲ್ಯಾನರಿ 1972ರಲ್ಲಿ ಇದನ್ನು ಕಣಜಕ್ಕೆ ಜೋಡಿಸಿದರು: ದುಂಡು ಗುಡಿಸಲುಗಳ ಗುಂಪಿನಲ್ಲಿ ದಾಸ್ತಾನು ಎಲ್ಲರದಾಗಿತ್ತು, ಆಯತದ ಮನೆಯಲ್ಲಿ ಅದು ಕುಟುಂಬದ ಸ್ವಂತದ್ದಾಗಿ ಗೋಡೆಯೊಳಗೆ ಸೇರಿತು ಎಂಬುದು ಅವರ ವಾದ. 2002ರಲ್ಲಿ ಅವರೇ ಇದನ್ನು ತಿದ್ದಿ ಬರೆದರು. ನನಗೆ ಈ ವಾದ ಬಹುಮಟ್ಟಿಗೆ ಒಪ್ಪಿಗೆಯಾಗುತ್ತದೆ, ಪೂರ್ತಿಯಾಗಿ ಅಲ್ಲ. ಜೆರ್ಫ್ ಎಲ್ ಅಹ್ಮರ್‌ನಲ್ಲಿ ಮೂಲೆಯ ಮನೆಗಳು ತಲೆಯೆತ್ತಿದ ಕಾಲದಲ್ಲೂ ಊರೊಟ್ಟಿನ ದುಂಡು ಕಟ್ಟಡ ಉಳಿದೇ ಇತ್ತು.

ಮೂಲೆಯನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಇಟ್ಟಿಗೆಯ ಜಾಣ್ಮೆ. 1952ರಿಂದ 1958ರವರೆಗೆ ಬ್ರಿಟಿಷ್ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಅಗೆದ ಪ್ಯಾಲೆಸ್ಟೈನಿನ ಜೆರಿಕೋದಲ್ಲಿ ಮೊದಲ ಹಂತದ ಇಟ್ಟಿಗೆಗಳು ಬೆನ್ನುಬ್ಬಿದ ಮಣ್ಣಿನ ಮುದ್ದೆಗಳು, ಮನೆಗಳು ದುಂಡು. ಆಯತದ ಕೋಣೆಗಳು ಬಂದ ಮುಂದಿನ ಹಂತದಲ್ಲಿ ಇಟ್ಟಿಗೆ ಚುಟ್ಟಾದ ಹಾಗೆ ನೀಳವಾಗುತ್ತದೆ. ಅದರ ಮೇಲ್ಮೈಯಲ್ಲಿ, ಮಣ್ಣು ಹಸಿಯಾಗಿರುವಾಗಲೇ ಹೆಬ್ಬೆರಳನ್ನು ಒತ್ತುತ್ತಾ ಹೋಗಿ ಮೂಡಿಸಿದ ಓರೆ ಗುಳಿಗಳ ಎರಡು ಸಾಲು, ಮೀನಿನ ಮುಳ್ಳಿನ ಮಾದರಿಯಲ್ಲಿ. ಅದು ಚಿತ್ತಾರವಲ್ಲ, ಮೇಲಿನ ವರಸೆಯ ಕೆಸರು ಆ ಗುಳಿಗಳಲ್ಲಿ ಇಳಿದು ಕಚ್ಚಿಕೊಳ್ಳಲೆಂದು ಮಾಡಿದ್ದು. ಬರಿಗೈಯಲ್ಲಿ ಮಾಡಿದ ಆ ಇಟ್ಟಿಗೆಗಳ ಮೇಲೆ ಮಾಡಿದವರ ಬೆರಳಿನ ಅಳತೆ ಇಂದಿಗೂ ಉಳಿದಿದೆ. ನೆಲಕ್ಕೆ, ಸುಣ್ಣದ ಕಲ್ಲನ್ನು 800 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬೆಂಕಿಯಲ್ಲಿ ಸುಟ್ಟು ತಯಾರಿಸಿದ ಗಾರೆ ಬಳಿದು ನುಣುಪಾಗಿ ಉಜ್ಜುತ್ತಿದ್ದರು. ಮಡಕೆ ಸುಡುವುದು ಅಲ್ಲಿಯವರಿಗೆ ಆಗಿನ್ನೂ ಗೊತ್ತಿರಲಿಲ್ಲ.

ತುರ್ಕಿಯ ಚಾತಲ್‌ಹೊಯುಕ್‌ನಲ್ಲಿ ಗೋಡೆಗೆ ಗೋಡೆ ಸೇರಿಸುವ ಈ ಕೂಡಿಕೆ ತುದಿ ಮುಟ್ಟಿತು. ಕ್ರಿ.ಪೂ. 7000ದ ಆ ಊರಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ನಡುವೆ ಬೀದಿಗೇ ಜಾಗವಿರಲಿಲ್ಲ; ಜನ ಮಾಳಿಗೆಯ ಮೇಲೆ ನಡೆದು, ಹೊಗೆ ಹೋಗುವ ಕಿಂಡಿಯಿಂದಲೇ ಏಣಿ ಇಳಿದು ಮನೆ ಸೇರುತ್ತಿದ್ದರು. ನಮ್ಮ ಬಯಲುಸೀಮೆಯ ಮಾಳಿಗೆಮನೆಯ ಬೆಳಕಿಂಡಿಯೇ ಬಾಗಿಲೂ ಆಗಿದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳಬಹುದು.

ದುಂಡು ಮನೆಯನ್ನು ಹಿಂದುಳಿದದ್ದೆನ್ನುವವರು ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯನ್ನು ನೆನೆಯಬೇಕು. ಎಂ. ಎಸ್. ನಾಗರಾಜರಾವ್ 1963-64ರಲ್ಲಿ ಅಲ್ಲಿ ಉತ್ಖನನ ನಡೆಸಿದಾಗ ಸಿಕ್ಕಿದ್ದು ಕ್ರಿ.ಪೂ. ಎರಡನೆಯ ಸಹಸ್ರಮಾನದ ಹೊಸ ಶಿಲಾಯುಗದ ದುಂಡು ಮನೆಗಳ ನೆಲೆಗಳು. ಜೆರಿಕೋದ ಮೂಲೆಗಳಿಗಿಂತ ಐದಾರು ಸಾವಿರ ವರ್ಷ ಈಚಿನವು. ದನ ಸಾಕುತ್ತಾ ಹುರುಳಿ ಬೆಳೆಯುತ್ತಿದ್ದ ಆ ಜನ ಕಣಶಿಲೆಯ ಬೆಟ್ಟದ ಮೇಲೆ ವಾಸಿಸುತ್ತಿದ್ದರು, ಮತ್ತು ಹೆಬ್ಬಂಡೆಗಳ ನಡುವೆ ಸಿಕ್ಕಷ್ಟು ಮಟ್ಟಸ ಜಾಗಕ್ಕೆ ದುಂಡು ಗೋಡೆ ಹೊಂದಿಕೊಂಡಷ್ಟು ಚೌಕ ಹೊಂದಿಕೊಳ್ಳದು.