ಕಾಲಿಗೆ ಹೋದ ಕೆಲಸ ಮತ್ತೆ ಕೈಗೆ: ಲ್ಯಾಪ್ ಸ್ಟೀಲ್ ಗಿಟಾರ್‌ನ ಲಿವರ್ ಕಥೆ

ಲ್ಯಾಪ್ ಸ್ಟೀಲ್ ಅಂದರೆ ಮಡಿಲಲ್ಲಿ ಮಲಗಿಸಿ ನುಡಿಸುವ ಗಿಟಾರ್. ಅದನ್ನು ನುಡಿಸುವವರ ದೊಡ್ಡ ತಲೆನೋವು ಎಡಗೈಯಲ್ಲಿರುವ ಆ ಸ್ಟೀಲ್ ಬಾರ್. ಅದು ನೇರ ಕಡ್ಡಿ. ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ತಂತಿಗಳನ್ನು ಮೇಜರ್ ಕಾರ್ಡ್‌ಗೆ (ಒಟ್ಟಿಗೆ ಮೊಳಗುವ ಒಂದು ಬಗೆಯ ಸ್ವರಗುಚ್ಛ) ಶ್ರುತಿ ಮಾಡಿದ್ದರೆ ಎಲ್ಲಿಗೆ ಜಾರಿಸಿದರೂ ಮೇಜರ್ ಕಾರ್ಡೇ! ಬೇರೆ ಕಾರ್ಡ್ ಬೇಕೆಂದರೆ ಬಾರ್ ಓರೆ ಹಿಡಿಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ.

1880ರ ದಶಕದ ಕೊನೆಗೆ ಹವಾಯಿಯಲ್ಲಿ ಜೋಸೆಫ್ ಕೆಕುಕು ಈ ಶೈಲಿ ಶುರು ಮಾಡಿದರು ಎನ್ನುತ್ತಾರೆ. 1930ರ ದಶಕದಲ್ಲಿ ವಾದ್ಯಕ್ಕೆ ಕರೆಂಟ್ ಬಂತು. ತಲೆನೋವು ಹೋಗಲಿಲ್ಲ. ಆಗ ಹೊಳೆದ ಉಪಾಯ, ಇನ್ನೊಂದು ಶ್ರುತಿಗೆ ಇನ್ನೊಂದು ನೆಕ್, ಅಂದರೆ ತಂತಿ ಬಿಗಿದ ಇನ್ನೊಂದು ಪಟ್ಟಿ. ಎರಡಾಯಿತು, ಮೂರಾಯಿತು, ನಾಲ್ಕೂ ಆಯಿತು. ಮಡಿಲಲ್ಲಿ ಇರಬೇಕಾದ ವಾದ್ಯ ಮೇಜಿನ ಹಾಗೆ ಕಾಲು ಹಾಕಿಕೊಂಡು ನಿಂತಿತು.

ಕೆಳಗೆ ಜಾಗ ಸಿಕ್ಕಿದ ಮೇಲೆ ಕಾಲಲ್ಲಿ ಒತ್ತಿ ತಂತಿ ಎಳೆಯುವ ಪೆಡಲ್ ಬರದೆ ಇರುತ್ತದೆಯೇ? 1940ರ ಹೊತ್ತಿಗೆ ಗಿಬ್ಸನ್ ಕಂಪನಿಯ ಎಲೆಕ್ಟ್ರಾಹಾರ್ಪ್ ಎಂಬ ಪೆಡಲ್ ವಾದ್ಯ ಬಂತು. 1948ರಲ್ಲಿ ವಾದ್ಯ ತಯಾರಕ ಪಾಲ್ ಬಿಗ್ಸ್‌ಬಿ, ವಾದಕ ಸ್ಪೀಡಿ ವೆಸ್ಟ್‌ಗೆ ಪೆಡಲ್ ಇರುವ ವಾದ್ಯ ಕಟ್ಟಿಕೊಟ್ಟರು. ಆದರೂ ಪೆಡಲ್ ಎಂದರೆ ಬಹುಮಟ್ಟಿಗೆ ಶ್ರುತಿ ಬದಲಿಸುವ ಸಾಧನವೇ ಆಗಿತ್ತು. ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ 1954ರ ಹಿಟ್ ಹಾಡು ‘ಸ್ಲೋಲಿ’ಯಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ತಂತಿ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿದರು. ಒಂದು ಸ್ವರ ನಿಂತಲ್ಲೇ ನಿಂತಿತು, ಪಕ್ಕದ್ದು ಅಳುತ್ತಾ ಮೇಲೇರಿತು. ನನ್ನ ಪ್ರಕಾರ ಇಡೀ ಕಥೆ ತಿರುಗಿದ್ದು ಅಲ್ಲೇ. ಆಮೇಲೆ ಎಲ್ಲರಿಗೂ ಆ ಅಳು ಬೇಕಾಯಿತು. ಮೊಣಕಾಲಿನಿಂದ ತಳ್ಳುವ ಲಿವರ್‌ಗಳೂ ಸೇರಿಕೊಂಡವು.

ಆದರೆ ವಾದ್ಯ ಮಡಿಲಲ್ಲೇ ಇದ್ದರೆ ಮೊಣಕಾಲು ಅಲ್ಲಾಡಿಸುವಂತಿಲ್ಲ, ಅಲ್ವಾ? ಉಳಿದದ್ದು ಬಲಗೈ. ಹಾಗಾಗಿ ಬ್ರಿಡ್ಜ್ (ಬಲಗೈ ಬದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಪುಟ್ಟ ಲಿವರ್ ಕೂರಿಸುವ ದಾರಿ ಹುಟ್ಟಿತು. ಜರ್ಮನಿಯ ಡ್ಯೂಸೆನ್‌ಬರ್ಗ್ ಕಂಪನಿಯ ಮಲ್ಟಿಬೆಂಡರ್ ಇದಕ್ಕೆ ಹೆಸರುವಾಸಿ. ಲಾಭ ನೋಡಿ: ಮೇಲಿನ ಮೂರು ತಂತಿ ಜಿ, ಬಿ, ಡಿ ಸ್ವರಗಳಲ್ಲಿ ಇವೆ ಎನ್ನೋಣ. ಒಂದು ಲಿವರ್ ಬಿ ತಂತಿಯನ್ನು ಸಿ ಮಾಡುತ್ತದೆ, ಇನ್ನೊಂದು ಡಿಯನ್ನು ಇ ಮಾಡುತ್ತದೆ. ಬಾರ್ ಕದಲಲೇ ಇಲ್ಲ, ಜಿ ಕಾರ್ಡ್ ಸಿ ಕಾರ್ಡ್ ಆಯಿತು.

ಕೇಳೋಕೆ ಸುಲಭ. ಆದರೆ ತಂತಿಯನ್ನು ಅರ್ಧ ಸ್ವರ ಏರಿಸಲು ಬಿಗಿತ ಸುಮಾರು ಶೇ 12ರಷ್ಟು ಜಾಸ್ತಿ ಆಗಬೇಕು, ಪೂರ್ತಿ ಸ್ವರಕ್ಕೆ ಶೇ 26. ಲಿವರ್ ಬಿಟ್ಟಾಗ ಅಷ್ಟೂ ಸಡಿಲವಾಗಿ ತಂತಿ ತನ್ನ ಮೊದಲ ಜಾಗಕ್ಕೇ ಬರಬೇಕು. ನಟ್‌ನ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರಿನಲ್ಲಿ ಚೂರು ಸಿಕ್ಕಿಕೊಂಡರೂ ಶ್ರುತಿ ಕೆಡುತ್ತದೆ. ಉರುಳೆ ಇರುವ ನಟ್ ಹಾಕಿಸಿಕೊಳ್ಳುವುದು ಸುಮ್ನೆ ಶೋಕಿಗಲ್ಲ.

ಇನ್ನೊಂದು ತೊಡಕು ಕೈಯದೇ. ಬಲ ಅಂಗೈಯ ಅಂಚಿನಿಂದ ತಂತಿಯ ನಾದ ತಡೆಯುವುದು ಲ್ಯಾಪ್ ಸ್ಟೀಲ್‌ನವರ ಹಳೆಯ ರೂಢಿ. ಲಿವರ್ ಒತ್ತಲೂ ಅದೇ ಅಂಗೈ ಬೇಕು. ಎರಡನ್ನೂ ಒಟ್ಟಿಗೆ ಮಾಡಲಾಗದೆ ಎಷ್ಟೋ ಜನ ತಡೆಯುವ ಕೆಲಸವನ್ನು ಬೆರಳ ತುದಿಗೆ ತೊಟ್ಟ, ತಂತಿ ಮೀಟುವ ಪಿಕ್‌ಗಳಿಗೆ ಒಪ್ಪಿಸಿ, ಬಲಗೈ ಪಾಠವನ್ನು ಮತ್ತೆ ಮೊದಲಿಂದ ಕಲಿಯುತ್ತಾರೆ.