ಇಂಗ್ಲಿಷಿನ ‘ಜಾಯ್’ ನಮ್ಮ ‘ಜಯ’ವೇ?

ಪ್ರಶ್ನೆ: ಸಂತೋಷಕ್ಕೆ ಇಂಗ್ಲಿಷಿನಲ್ಲಿ ‘ಜಾಯ್’ ಅನ್ನುತ್ತಾರಲ್ಲ, ಅದು ಸಂಸ್ಕೃತದ ‘ಜಯ’ದಿಂದ ಹುಟ್ಟಿದ್ದೇ? ಗೆದ್ದವರಿಗೆ ಸಂತೋಷವೂ ಆಗುತ್ತದೆ.

ಉತ್ತರ: ಅಲ್ಲ. ಎರಡಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಇಂದಿನ ಉಚ್ಚಾರವನ್ನಷ್ಟೇ ಹೋಲಿಸಿದರೆ ಹೀಗೆ ಮೋಸಹೋಗುತ್ತೇವೆ. ಹೋಲಿಸಬೇಕಾದದ್ದು ಸಿಗುವಷ್ಟು ಹಳೆಯ ರೂಪಗಳನ್ನು.

‘ಜಾಯ್’ ಬಂದದ್ದು ಹಳೆಯ ಫ್ರೆಂಚಿನ ‘ಜೋಯೆ’ಯಿಂದ, ಅದು ಸಂತೋಷಗಳು ಎಂಬರ್ಥದ ಲ್ಯಾಟಿನ್ನಿನ ‘ಗೌದಿಯ’ದಿಂದ. ‘ಗೌದಿಯ’ ನಪುಂಸಕಲಿಂಗದ ಬಹುವಚನ. ಕೊನೆಯ ‘ಅ’ಕಾರ ಕೇಳಿ ಜನ ಅದನ್ನು ಸ್ತ್ರೀಲಿಂಗದ ಏಕವಚನವೆಂದೇ ಬಳಸತೊಡಗಿದರು, ಎಲೆಗಳು ಎಂಬರ್ಥದ ‘ಫೋಲಿಯ’ಕ್ಕೂ ಇದೇ ಗತಿಯಾಯಿತು. ಮುಂದೆ ‘ಅ’ ಇದ್ದಾಗ ‘ಗ’ ಫ್ರೆಂಚಿನಲ್ಲಿ ‘ಜ’ ಆಗುತ್ತದೆ: ಕಾಲು ಎಂಬರ್ಥದ ‘ಗಂಬ’ ‘ಜಾಂಬ್’ ಆದಂತೆ. ‘ಔ’ ‘ಓ’ ಆಯಿತು, ನಡುವಿನ ‘ದ’ ಬಿದ್ದುಹೋಯಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನೊಂದಿಗೆ ಈ ಪದವೂ ಅಲ್ಲಿಗೆ ಹೋಯಿತು. ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹಗಳಲ್ಲಿ ಕಾಣುತ್ತದೆ. ಅಂದಿನ ‘ಜ’ವನ್ನು ಇಂಗ್ಲಿಷರು ಹಾಗೇ ಉಳಿಸಿಕೊಂಡರು, ಫ್ರೆಂಚರು ಬದಲಿಸಿ ಈಗ ‘ಝ್ವಾ’ ಅನ್ನುತ್ತಾರೆ. ಫ್ರೆಂಚ್ ಕಲಿತು ಆಮೇಲೆ ಇಂಗ್ಲಿಷಿಗೆ ಬಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ! ನಾವು ದಿನಾ ಆಡುವ ‘ಎಂಜಾಯ್ ಮಾಡು’ವಿನ ಎಂಜಾಯ್ ಕೂಡ ಇದೇ ಮನೆಯದು.

ಇನ್ನು ‘ಜಯ’. ಇದರ ಧಾತು ‘ಜಿ’, ಗೆಲ್ಲು ಎಂದರ್ಥ. ತಮಾಷೆಯೆಂದರೆ ಇದರ ‘ಜ’ವೂ ಮೊದಲು ‘ಗ’ವೇ ಆಗಿತ್ತು, ಗೆಲ್ಲಬಯಸುವವನಿಗೆ ‘ಜಿಗೀಷು’ ಅನ್ನುವಲ್ಲಿ ಅದು ಇನ್ನೂ ಇಣುಕುತ್ತದೆ. ಹಾಗಾದರೆ ‘ಗೌದಿಯ’ದ ‘ಗ’ವೇ ಇದಲ್ಲವೇ? ಅಲ್ಲ. ‘ಜಿ’ಯದು, ಸಂಸ್ಕೃತ ಲ್ಯಾಟಿನ್ ಎರಡೂ ಹುಟ್ಟಿದ ಮೂಲಭಾಷೆಯಲ್ಲಿ ತುಟಿ ದುಂಡಗಾಗಿಸಿ ಆಡುತ್ತಿದ್ದ ‘ಗ್ವ’. ಅದು ಪದದ ಮೊದಲಿಗಿದ್ದರೆ ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ‘ವ’ ಆಗುತ್ತದೆ. ನಮ್ಮ ‘ಜೀವ’ಕ್ಕೆ ಅಲ್ಲಿ ‘ವೀವುಸ್’. ‘ಗಮ್’ ಧಾತುವಿಗೆ ‘ವೆನಿಯೊ’, ಅಂದರೆ ಬರುತ್ತೇನೆ. ಎಂದರೆ ‘ಜಯ’ಕ್ಕೆ ಲ್ಯಾಟಿನ್ನಿನಲ್ಲಿ ಒಡಹುಟ್ಟು ಇದ್ದಿದ್ದರೆ ಅದು ‘ವ’ದಿಂದ ಶುರುವಾಗಬೇಕಿತ್ತು, ‘ಗ’ದಿಂದಲ್ಲ.

ಗೆಲುವಿಗೂ ಸಂತೋಷಕ್ಕೂ ನಂಟು ಹುಡುಕಲೇಬೇಕೆಂದರೆ ನಾರ್ಮನ್ನರಿಗಿಂತ ಹಿಂದಿನ ಇಂಗ್ಲಿಷಿಗೆ ಹೋಗಿ. ಅಲ್ಲಿ ಸಂತೋಷಕ್ಕೆ ‘ವಿನ್’ ಎಂಬ ಪದವಿತ್ತು, ಮನಸೆಳೆಯುವ ಎಂಬರ್ಥದ ಇಂದಿನ ‘ವಿನ್ಸಮ್’ನಲ್ಲಿ ಅದರ ಗುರುತು ಉಳಿದಿದೆ. ಗೆಲ್ಲು ಎಂಬರ್ಥದ ಇಂದಿನ ‘ವಿನ್’ ಕ್ರಿಯಾಪದವನ್ನೂ ನಿಘಂಟುಕಾರರು ಅದೇ ಬೇರಿಗೆ ಸೇರಿಸುತ್ತಾರೆ. ಆ ಬೇರಿನ ಸಂಸ್ಕೃತ ರೂಪ ‘ವನ್’, ಬಯಸು ಎಂದು. ಕನ್ನಡದಲ್ಲಿ ಅದರ ಕುಡಿ ‘ವನಿತೆ’.